ಅಪ್ಪನ ಬುಗುರಿಯ ಮೂರು ಮೊಳೆ

ಗುರುಮಠಕಲ್‌ನಿಂದ ಮೊಮ್ಮಗಳು ದಸರೆ ರಜೆಗೆ ಬಂದಳೆಂದರೆ ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಈ ಸಲ ಅವಳ ಚೀಲದಿಂದ ಬಟ್ಟೆಗಿಂತ ಮೊದಲು ಹೊರಬಿದ್ದದ್ದು ಒಂದು ಪ್ಲಾಸ್ಟಿಕ್ ಬೋಗುಣಿ, ಅದರೊಳಗೆ ಬಿಟ್ಟು ಕಾದಾಡಿಸುವ ಬುಗುರಿಗಳು. ದಾರ ಸುತ್ತುವ ಗೋಜಿಲ್ಲ, ಗುರಿ ಹಿಡಿದು ಬೀಸುವ ಗೋಜಿಲ್ಲ. ಒಂದು ಹಿಡಿಕೆಗೆ ಸಿಕ್ಕಿಸಿ ಪಟ್ಟಿ ಎಳೆದರೆ ಬುಗುರಿ ತಾನೇ ಹಾರಿ ಬೋಗುಣಿಗೆ ಬೀಳುತ್ತದೆ. "ಮೂಡು, ರೆಂಡು, ಒಕಟಿ" ಎಂದು ತೆಲುಗಿನಲ್ಲಿ ಮೂರರಿಂದ ಕೆಳಗೆ ಎಣಿಸಿ ಎಳೆಯುತ್ತಾಳೆ. ಎದುರಿಗೆ ಕೂತು ಎಳೆಯುವವರು ನಮ್ಮ ಮನೆಯವರು. ಮಂಡಿನೋವು ಅಂತ ದಿನಾ ನರಳುವ ಮನುಷ್ಯ ಬುಗುರಿ ಕಂಡೊಡನೆ ಚಕ್ಕಳಮಕ್ಕಳ ಹಾಕಿ ನೆಲಕ್ಕೆ ಕೂತುಬಿಟ್ಟಿದ್ದರು.

"ಆಯಿ, ಇಲ್ಲಿ ನೋಡು," ಎಂದು ಮೊಮ್ಮಗಳು ನನ್ನನ್ನು ಕರೆದಳು. "ಇದರ ತುದಿ ಬಿಚ್ಚಿ ಬ್ಯಾರೆ ಹಾಕಬಹುದು. ಇದು ಚೂಪಂದು, ಇದು ದುಂಡಂದು, ಇದು ಚಪ್ಪಟಿ. ಯಾವುದು ಚೊಲೊ ಅಂತ ನಾನು, ಮುತ್ಯಾ ಕೂಡಿ ನೋಡಾಕತ್ತೀವಿ. ನಿಮ್ಮ ಕಾಲದಾಗ ಇಂಥಾವು ಇದ್ದಿದ್ದಿಲ್ಲ."

ನಿಮ್ಮ ಕಾಲದಲ್ಲಿ ಇರಲಿಲ್ಲ ಅನ್ನುವ ಮಾತು ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ವಯಸ್ಸಾದ ಮೇಲೂ ಅದು ಕೆಳಗೆ ಇಳಿದಿಲ್ಲ.

"ಇತ್ತು," ಎಂದೆ. "ನಮ್ಮಪ್ಪ ಮಾಡಿದ್ದ. ನಿನ್ನ ಪ್ಲಾಸ್ಟಿಕ್ಕಿನವರು ಹುಟ್ಟೋಕಿಂತ ಮೊದಲ ಮಾಡಿದ್ದ."

ಅಪ್ಪನದು ಸುರಪುರದಲ್ಲಿ ಸೈಕಲ್ ಅಂಗಡಿ. ಆ ಊರಿನಲ್ಲಿ ಅಂಗಡಿ, ಮನೆ, ಓಣಿ ಎಲ್ಲವೂ ಗುಡ್ಡಕ್ಕೆ ಆತುಕೊಂಡೇ ಇರುವುದು. ನಮ್ಮ ಅಂಗಡಿಯ ಹಿಂದೆ ಬರೀ ಬಂಡೆ, ಮುಂದೆ ರಸ್ತೆಗೆ ಹಾಕಿದ ಕೆಂಪು ಗರಸು, ಒಳಗೆ ಶಹಾಬಾದಿ ಪರಸಿಕಲ್ಲು ಹಾಸಿದ ನೆಲ. ನಾನು ಒಬ್ಬಳೇ ಮಗಳು. ಗಂಡುಮಕ್ಕಳ ಆಟ ಆಡಬೇಡ ಅಂತ ಅವ್ವ ಅಂದರೆ, "ಆಡ್ಲಿ ಬಿಡು, ಬುಗರಿಗೇನು ಗಂಡು ಹೆಣ್ಣು ಗೊತ್ತಾಗ್ತದೇನು?" ಅಂತ ಅಪ್ಪ ಅನ್ನುತ್ತಿದ್ದ.

ಜಾಲಿ ಕಟ್ಟಿಗೆಯಲ್ಲಿ ಕಡೆಸಿದ ಒಂದು ಬುಗುರಿ ತಂದು ಅದರ ಮೊಳೆ ಕಿತ್ತುಹಾಕಿದ. ಆ ತೂತಿನಲ್ಲಿ ಸೈಕಲ್ಲಿನ ಒಂದು ಸಣ್ಣ ನಟ್ಟು ಕೂರಿಸಿ ಅರಗು ಕಾಸಿ ಹೊಯ್ದ. ಆಮೇಲೆ ಅದಕ್ಕೆ ಹೊಂದುವ ಬೋಲ್ಟುಗಳನ್ನು ಆರಿಸಿ, ಒಂದರ ತುದಿಯನ್ನು ಅರದಿಂದ ತಿಕ್ಕಿ ಸೂಜಿಯ ಹಾಗೆ ಚೂಪು ಮಾಡಿದ. ಇನ್ನೊಂದಕ್ಕೆ ಚಕ್ರದೊಳಗಿನ ಛರ್ರಾ, ಅಂದರೆ ಉಕ್ಕಿನ ಗುಂಡು, ಬೆಸುಗೆ ಹಾಕಿದ. ಮೂರನೆಯದನ್ನು ಚಪ್ಪಟೆಯಾಗಿಯೇ ಬಿಟ್ಟ. ಬೇಕಾದ ಮೊಳೆ ತಿರುವಿ ಹಾಕು, ಬೇಡವಾದರೆ ಬಿಚ್ಚು. ಮೊಳೆಗಳನ್ನು ಇಡಲು ನಶ್ಯದ ಒಂದು ಡಬ್ಬಿಯನ್ನೂ ಕೊಟ್ಟ. ಅಂಥ ಬುಗುರಿ ಇಡೀ ಸುರಪುರದಲ್ಲಿ ಯಾರ ಹತ್ತಿರವೂ ಇರಲಿಲ್ಲ, ನಾನೋ ನೆಲದ ಮೇಲೆ ನಡೆಯುತ್ತಲೇ ಇರಲಿಲ್ಲ.

ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಅಪ್ಪ, ನಾನು ಪರೀಕ್ಷೆಗೆ ಕೂರುತ್ತಿದ್ದೆವು. ಗಡಿಯಾರ ಎಲ್ಲಿಂದ ಬರಬೇಕು? ಅಪ್ಪ ಬುಗುರಿ ಬೀಸುವುದು, ನಾನು ಮಗ್ಗಿ ಹೇಳುವುದು. ಬುಗುರಿ ಬೀಳುವ ಹೊತ್ತಿಗೆ ಯಾವ ಮಗ್ಗಿಯಲ್ಲಿದ್ದೇನೆ ಅನ್ನುವುದರ ಮೇಲೆ ಮೊಳೆಯ ಯೋಗ್ಯತೆ. ಚೂಪು ಮೊಳೆ ಪರಸಿಯ ಮೇಲೆ ನಿಂತಲ್ಲೇ ನಿಂತು ನಿದ್ದೆ ಹೋದ ಹಾಗೆ ಅಲುಗದೆ ತಿರುಗುತ್ತಿತ್ತು, ನನಗೆ ಕಷ್ಟದ ಹದಿಮೂರರ ಮಗ್ಗಿಯೂ ಮುಗಿದುಹೋಗುತ್ತಿತ್ತು. ಅದನ್ನೇ ಗರಸಿನ ಮೇಲೆ ಬಿಟ್ಟರೆ ಭೂಮಿಯೊಳಗೆ ಗುಳಿ ಕೊರೆದುಕೊಂಡು ಏಳರ ಮಗ್ಗಿಗೇ ಉರುಳುತ್ತಿತ್ತು. ಗರಸಿಗೆ ಛರ್ರಾ ಮೊಳೆಯೇ ಆಗಬೇಕು, ಅದು ಹರಳುಗಳ ಮೇಲೆ ಜಾರಿಕೊಂಡು ಸಾವಕಾಶ ತಿರುಗಾಡುತ್ತಿತ್ತು. ಚಪ್ಪಟೆ ಮೊಳೆಯದು ಬೇರೆಯೇ ಗುಣ. ಹೆಚ್ಚು ಹೊತ್ತು ಬದುಕುತ್ತಿರಲಿಲ್ಲ, ಆದರೆ ಇರುವಷ್ಟು ಹೊತ್ತು ಹುಚ್ಚು ಹೋರಿಯ ಹಾಗೆ ಓಡಾಡಿ ಸಿಕ್ಕಿದ್ದಕ್ಕೆ ಹಾಯುತ್ತಿತ್ತು. ನನಗೆ ಪ್ರಿಯವಾದ ಮೊಳೆ ಸೋಲುವ ಹಾಗೆ ಕಂಡರೆ ನಾನು ಮಗ್ಗಿಯನ್ನು ಗಡಬಡಿಸಿ ಹೇಳುತ್ತಿದ್ದೆ.

"ಸಿಟ್ಟಿನ್ಯಾಗ ಮಗ್ಗಿ ಹೇಳಬ್ಯಾಡವಾ," ಎಂದು ಅಪ್ಪ ನಗುತ್ತಿದ್ದ. "ಮೊಳಿಯೊಳಗ ಚೊಲೊ ಕೆಟ್ಟ ಅಂತ ಇರಂಗಿಲ್ಲ. ಯಾವ ನೆಲಕ್ಕ ಯಾವ ಮೊಳಿ, ಅಷ್ಟ ತಿಳ್ಕೊ."

ಅಪ್ಪ ಕಬ್ಬಿಣ ಮಸೆಯಲು ಕೂತರೆ ಅವ್ವ ಪಕ್ಕದಲ್ಲಿ ಸಾಣೆಕಲ್ಲಿಗೆ ನೀರು ಚಿಮುಕಿಸುತ್ತಿದ್ದಳು. ಒಣ ಕಲ್ಲಿನ ಮೇಲೆ ಕಬ್ಬಿಣ ಬರೀ ಕಿರುಚುತ್ತದೆ, ಒದ್ದೆ ಕಲ್ಲಿನ ಮೇಲೆ ಸವೆಯುತ್ತದೆ. ಅವನು ಕೇಳುವ ಮೊದಲೇ ನೀರು ಹಾಕುವುದು ಅವಳಿಗೆ ರೂಢಿಯಾಗಿತ್ತು.

ಆ ಚಳಿಗಾಲ ಅಪ್ಪನಿಗೆ ಜ್ವರ ಹತ್ತಿತು, ಬಿಡಲಿಲ್ಲ. ಅಪ್ಪ ಹೋದ ಮೇಲೆ ಅಂಗಡಿ ಬೇರೆಯವರ ಪಾಲಾಯಿತು. ಅವ್ವ ನಟ್ಟು ಬಿಗಿಯುವ ಅಪ್ಪನ ಒಂದು ಪಾನಾ, ಒಂದು ಅರ ಟ್ರಂಕಿಗೆ ಹಾಕಿಕೊಂಡಳು. ನಾನು ಬುಗುರಿ ಎದೆಗವಚಿಕೊಂಡು ಅವಳ ಹಿಂದೆ ಬಸ್ಸು ಹತ್ತಿದೆ. ಶಹಾಪುರ ದಾಟಿ, ಭೀಮೆಯ ಸೇತುವೆ ದಾಟಿ, ಯಾದಗಿರಿಯ ಸೋದರಮಾವನ ಮನೆಗೆ ಬಂದೆವು. ಮಾವ ಗಂಜಿನಲ್ಲಿ, ಅಂದರೆ ಕಾಳಿನ ಪೇಟೆಯಲ್ಲಿ, ಚೀಲ ತೂಗುವ ಕೆಲಸ ಮಾಡುತ್ತಿದ್ದ. ಒಳ್ಳೆಯವನೇ. ಆದರೂ ಅಣ್ಣನ ಮನೆಯ ರೊಟ್ಟಿ ಅವ್ವನ ಗಂಟಲಲ್ಲಿ ಸಲೀಸಾಗಿ ಇಳಿಯುತ್ತಿರಲಿಲ್ಲ. ಯಾರೂ ಹೇಳದಿದ್ದರೂ ಬೆಳಗಾಗುವ ಮೊದಲೇ ಎದ್ದು ಇಡೀ ಮನೆಯ ಕೆಲಸ ಮುಗಿಸಿಬಿಡುತ್ತಿದ್ದಳು. ನನಗೆ ಅಪ್ಪನದು ಅಂತ ಉಳಿದದ್ದು ಆ ಬುಗುರಿ ಒಂದೇ. ರಾತ್ರಿ ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆ.

ಮಾವನಿಗೆ ಒಬ್ಬ ಮಗ, ನನಗಿಂತ ತುಸು ದೊಡ್ಡವನು. ಈಗ ಮೊಮ್ಮಗಳ ಎದುರು ಚಕ್ಕಳಮಕ್ಕಳ ಹಾಕಿ ಕೂತವರು ಇವರೇ. ಆಗಿನ್ನೂ ನನಗೆ ಅವನು 'ಅವನು'. 'ಅವರು' ಆದದ್ದು ತಾಳಿ ಕಟ್ಟಿದ ಮೇಲೆ. ಆ ಓಣಿಯ ಬುಗುರಿ ಆಟಕ್ಕೆ ಅವನೇ ಯಜಮಾನ. ಸ್ಟೇಷನ್ ಮುಂದಿನ ಟಾಂಗಾದವರಿಂದ ಕುದುರೆಯ ಲಾಳದ ಮೊಳೆ ತಂದು, ಕಲ್ಲಿಗೆ ಚೂಪಾಗಿ ಮಸೆದು ಬುಗುರಿಗೆ ಬಡಿದಿದ್ದ. ಅದರ ಹೆಸರು ಕೇಳಿದರೇ ಹುಡುಗರು ತಮ್ಮ ಬುಗುರಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಆ ಓಣಿಯಲ್ಲಿ ಒಂದು ರಿವಾಜು ಇತ್ತು. ಹೊಸ ಬುಗುರಿ ಬಂದರೆ ಅದು ಯಜಮಾನನ ಬುಗುರಿಯ ಜೊತೆ ನೆಲದಲ್ಲಿ ಗೀಚಿದ ಗೋಲಕ್ಕೆ ಇಳಿಯಲೇಬೇಕು. ಯಾವುದು ಮೊದಲು ಬೀಳುತ್ತದೋ ಅದನ್ನು ಗೋಲದ ನಡುವೆ ಇಡುತ್ತಾರೆ. ಗೆದ್ದವನು ತನ್ನ ಬುಗುರಿಯನ್ನು ಮುಷ್ಟಿಯಲ್ಲಿ ಹಿಡಿದು ಮೊಳೆಯಿಂದ ಅದಕ್ಕೆ ಕುಟ್ಟುತ್ತಾನೆ. ಹಾಗೆ ಬೀಳುವ ಗುಳಿಗೆ ಗುನ್ನ ಅಂತ ಹೆಸರು. ಗಟ್ಟಿ ಕೈ, ಚೂಪು ಮೊಳೆ ಕೂಡಿದರೆ ಬುಗುರಿ ಎರಡು ಹೋಳು. ನಾನು ಮೊದಲ ಸಲ ಓಣಿಗೆ ಆಡಲು ಇಳಿದ ದಿನ ಬೆಳಿಗ್ಗೆಯೇ ಪಕ್ಕದ ಮನೆಯ ಹುಡುಗನ ಬುಗುರಿ ಮಾವನ ಮಗನ ಕೈಯಲ್ಲಿ ಹೋಳಾಗಿತ್ತು. ಮನೆಯಲ್ಲಿ ದಖನಿ ಉರ್ದು ಮಾತಾಡುವ ಆ ಹುಡುಗ ಹೋಳುಗಳನ್ನು ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದ.

ನಾನು ಬುಗುರಿ ಹಿಡಿದು ಹೊರಗೆ ಬಂದದ್ದೇ ತಡ, "ಏ, ಹುಡಿಗೇರು ಮನ್ಯಾಗ ಕುಂತು ಗಜಗ ಆಡ್ರಿ," ಎಂದು ಯಾರೋ ಕೂಗಿದರು. ಎಲ್ಲರೂ ನಕ್ಕರು. ಮಾವನ ಮಗನೂ ನಕ್ಕ.

ನನ್ನ ಮೈಯೆಲ್ಲ ಉರಿದುಹೋಯಿತು. "ಇಳಸ್ತೇನಿ, ಬಾರೋ," ಎಂದೆ.

ನಶ್ಯದ ಡಬ್ಬಿ ತೆರೆದೆ. ಕಾಲ ಕೆಳಗೆ ಇದ್ದದ್ದು ಗರಸು. ಛರ್ರಾ ಮೊಳೆ ಕಣ್ಣೆದುರಿಗೇ ಇತ್ತು. ಅಪ್ಪ ಮಧ್ಯಾಹ್ನಗಟ್ಟಲೆ ಕೂತು ಕಲಿಸಿದ ಪಾಠವೂ ನೆನಪಿತ್ತು. ಆದರೆ ನನಗೆ ಆ ಹೊತ್ತಿಗೆ ಗೆಲ್ಲುವುದಷ್ಟೇ ಸಾಲದು, ಅವನ ಬುಗುರಿಯನ್ನು ಹೋಳು ಮಾಡಬೇಕಾಗಿತ್ತು. ಚೂಪು ಮೊಳೆಯನ್ನೇ ತಿರುವಿ ಬಿಗಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಚಾಟಿ ಸುತ್ತಿ ಇಬ್ಬರೂ ಒಟ್ಟಿಗೆ ಬೀಸಿದೆವು. ನನ್ನ ಬುಗುರಿ ಗುಂಯ್ ಎಂದು ಎಷ್ಟು ಚೆಂದ ನಿಂತಿತೆಂದರೆ ನಗುತ್ತಿದ್ದವರ ಬಾಯಿ ಮುಚ್ಚಿತು. ಮನಸ್ಸಿನಲ್ಲಿ ಮಗ್ಗಿ ಶುರು ಮಾಡಿದೆ. ಏಳರ ಮಗ್ಗಿ ದಾಟುವಷ್ಟರಲ್ಲಿ ಮೊಳೆ ಗರಸಿನಲ್ಲಿ ಹೂತು, ಬುಗುರಿ ತಲೆ ಅಲ್ಲಾಡಿಸಿ ಮಲಗಿತು. ಅವನ ಲಾಳದ ಮೊಳೆ ಚೂಪಾದರೂ ದಪ್ಪ, ಅದು ಹೂಳದೆ ಇನ್ನೂ ತಿರುಗುತ್ತಿತ್ತು.

"ಗಯಾ, ತೇರಾ ಲಟ್ಟೂ ಗಯಾ!" ಎಂದು ಕಟ್ಟೆಯ ಮೇಲಿನ ಹುಡುಗ ಎದ್ದು ನಿಂತ. ಹೋಯಿತು ನಿನ್ನ ಬುಗುರಿ, ಅಂದ. ಅವನ ದನಿಯಲ್ಲಿ ಖುಷಿ ಇರಲಿಲ್ಲ, ತನ್ನ ಹೋಳುಗಳನ್ನು ಇನ್ನೂ ಕೈಯಲ್ಲೇ ಹಿಡಿದಿದ್ದ.

ಅಪ್ಪನ ಬುಗುರಿಯನ್ನು ನಾನೇ ತೆಗೆದು ಗೋಲದ ನಡುವೆ ಇಟ್ಟೆ. ಬೇಡ ಅಂತ ಒಂದು ಮಾತು ಅಂದಿದ್ದರೆ ಮಾವನ ಮಗ ಬಿಡುತ್ತಿದ್ದನೋ ಏನೋ. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ಅತ್ತರೆ ಹುಡುಗಿ ಅತ್ತಳು ಅಂತಾರೆ ಅನ್ನುವ ಹಟಕ್ಕೆ ಹಲ್ಲು ಕಚ್ಚಿ ನಿಂತಿದ್ದೆ. ಎದೆಯೊಳಗೆ ಮಾತ್ರ ಅಪ್ಪ ಇನ್ನೊಂದು ಸಲ ಸಾಯಲಿಕ್ಕೆ ಹೊರಟ ಹಾಗೆ ಆಗುತ್ತಿತ್ತು. ತಲೆ ಎತ್ತಿದರೆ ಬಾಗಿಲಲ್ಲಿ ಅವ್ವ ನಿಂತಿದ್ದಳು, ಕೈಗೆಲ್ಲ ಜೋಳದ ಹಿಟ್ಟು. ಬುಗುರಿಯನ್ನು ನೋಡಿದಳು, ನನ್ನನ್ನು ನೋಡಿದಳು, ತಿರುಗಿ ಒಳಗೆ ಹೋದಳು. ನೋಡಲಾರದೆ ಹೋದಳು ಅಂದುಕೊಂಡೆ.

"ತಡೀರಿ, ನೀರು ಕುಡಿದು ಬರ್ತೇನಿ," ಎಂದು ಅವನು ತನ್ನ ಬುಗುರಿ ಹಿಡಿದು ಮನೆಯೊಳಗೆ ಹೋದ. ನನ್ನನ್ನು ಕಾಯಿಸಿ ಕೊಲ್ಲಬೇಕು ಅಂತಲೇ ಹೋಗ್ಯಾನೆ ಅಂತ ಮನಸ್ಸಿನಲ್ಲೇ ಬೈದೆ. ಎಷ್ಟು ನೀರು ಕುಡಿದನೋ, ಹುಡುಗರು ಬೇಸತ್ತು ಕೂಗತೊಡಗಿದರು. ಕೊನೆಗೆ ತೋಳಿನಿಂದ ಬಾಯಿ ಒರೆಸಿಕೊಳ್ಳುತ್ತಾ ಬಂದ. ಮುಷ್ಟಿ ಎತ್ತಿದ. ನಾನು ಕಣ್ಣು ಮುಚ್ಚಿದೆ.

ಠಪ್ ಅಂತ ಸಪ್ಪಳ ಬಂತು. ಮತ್ತೆ ಠಪ್. ಮತ್ತೆ. ಕಟ್ಟಿಗೆ ಸೀಳುವ ಸಪ್ಪಳ ಬರಲೇ ಇಲ್ಲ. ಕಣ್ಣು ಬಿಟ್ಟರೆ ಬುಗುರಿ ಇಡಿಯಾಗಿತ್ತು. ಓಣಿಗೆ ಓಣಿಯೇ ಹೋ ಎಂದಿತು. ಹುಡುಗಿಯ ಬುಗುರಿಯನ್ನೂ ಒಡೆಯಲಾಗದವನು! ಮೆತ್ತನ್ನ ಕೈಯವನು! ಅಂದಿನಿಂದ ಅವನಿಗೆ 'ಮೆತ್ತಗೈ' ಅಂತಲೇ ಹೆಸರು ಬಿತ್ತು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ನಾನೇ. ನಾನು ಬುಗುರಿ ಎತ್ತಿಕೊಂಡು ಒಳಗೆ ಓಡಿದೆ. ಅವ್ವ ಅದನ್ನು ನನ್ನ ಕೈಯಿಂದ ಇಸಿದುಕೊಂಡು, "ಇನ್ನ ಇದು ಗೋಲಕ್ಕ ಇಳಿಯೋದು ಸಾಕು," ಎಂದು ಅಪ್ಪನ ಪಾನಾ, ಅರದ ಜೊತೆ ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟುಬಿಟ್ಟಳು.

ಆಮೇಲೆ ನಾನು ಬೇರೆ ಬುಗುರಿ ಹಿಡಿದು ಅದೇ ಓಣಿಯಲ್ಲಿ ವರ್ಷಗಟ್ಟಲೆ ಆಡಿದೆ. ಅವನ ಯಜಮಾನಿಕೆ ಆ ದಿನಕ್ಕೇ ಮುಗಿದಿತ್ತು. ಯಾರೂ ಅವನಿಗೆ ಹೆದರುತ್ತಿರಲಿಲ್ಲ. ಮೆತ್ತಗೈ ಅಂದದ್ದಕ್ಕೆ ಅವನು ಒಂದು ದಿನವೂ ಸಿಟ್ಟಾದದ್ದು ನಾನು ಕಾಣೆ.

ನಾನು ದೊಡ್ಡವಳಾದ ಮೇಲೆ ಹುಣಸಗಿಯಿಂದ ಒಂದು ಸಂಬಂಧ ಬಂತು. ಕಾಲುವೆ ನೀರಿನ ಹೊಲ, ದೊಡ್ಡ ಮನೆ. ಮಾವನೇ ಮುಂದೆ ನಿಂತು, "ಕಣ್ಣು ಮುಚ್ಚಿ ಕೊಡವಾ," ಅಂದ. ಅವ್ವ ಅಣ್ಣನಿಗೆ ಎದುರಾಡಿದ್ದನ್ನು ನಾನು ಕಂಡದ್ದು ಆ ಒಂದು ಸಲ ಮಾತ್ರ. "ಕೊಟ್ಟರ ನಿನ್ನ ಮಗನಿಗೇ ಕೊಡ್ತೇನಿ. ಇಲ್ಲಾಂದ್ರ ಮನ್ಯಾಗ ಇಟ್ಕೋತೇನಿ," ಅಂದಳು. ಮಾವ ಬೆಪ್ಪಾದ. ನಾನೂ ಬೆಪ್ಪಾದೆ. ಸೋದರಮಾವನ ಮಗನಿಗೆ ಕೊಡುವುದು ನಮ್ಮಲ್ಲಿ ಹೊಸತಲ್ಲ, ಆದರೆ ಅಷ್ಟು ಹಟ ಯಾಕೆ ಅಂತ ತಿಳಿಯಲಿಲ್ಲ. ಹೊರಗಿನವರ ಮನೆಯಲ್ಲಿ ನನ್ನ ಬಾಯಿಗೆ ಬಾಳುವೆ ಆಗಲಿಕ್ಕಿಲ್ಲ ಅಂತ ಹೆದರಿದ್ದಾಳೆ ಅಂದುಕೊಂಡೆ.

ಮದುವೆಯಲ್ಲಿ ಹೆಂಗಸರೆಲ್ಲ ಸೇರಿ ಗಂಡನ ಹೆಸರು ಹೇಳು ಅಂತ ಗಂಟು ಬಿದ್ದರು. ಒಡಪು ಕಟ್ಟದೆ ಹೆಸರು ಹೇಳುವ ಹಾಗಿಲ್ಲವಲ್ಲ. ನಾನು ಅಲ್ಲೇ ಕಟ್ಟಿದೆ: "ಗಂಜಿನ ಓಣ್ಯಾಗ ಗರ್ರಂತ ತಿರಗಿತ್ತ ಬುಗರಿ, ಮೆತ್ತಗೈಯವರ ಹೆಸರ ಹೇಳ್ತೇನಿ ಎಲ್ಲಾರೂ ಕೇಳ್ರಿ." ಮುಂದಿನ ಹೆಸರು ನಗೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಅವ್ವ ಒಬ್ಬಳು ನಗಲಿಲ್ಲ. ಅಪ್ಪ ಇಲ್ಲದ ಮದುವೆ ಅಂತ ನೊಂದಿರಬೇಕು ಅಂದುಕೊಂಡೆ.

ಶಹಾಪುರಕ್ಕೆ ಬಂದು ಕಬ್ಬಿಣದ ಸಾಮಾನಿನ ಅಂಗಡಿ ಹಾಕಿದಾಗಲೂ ನಾನು ಬಿಡಲಿಲ್ಲ. ಮೆತ್ತಗೈಯವರು ಮೊಳೆ ಮಾರಲಿಕ್ಕೆ ಕೂತಾರೆ ಅಂತ ಗಿರಾಕಿಗಳ ಮುಂದೆಯೇ ಅನ್ನುತ್ತಿದ್ದೆ. ಈಗ ಅಂಗಡಿಯಲ್ಲಿ ಮಗ ಕೂರುತ್ತಾನೆ. ಅವ್ವನ ಟ್ರಂಕು ಅವ್ವ ಹೋದ ಮೇಲೆ ನನಗೆ ಬಂತು. ವರ್ಷಕ್ಕೊಮ್ಮೆ ಆಯುಧ ಪೂಜೆಗೆ ಪಾನಾ, ಅರ, ಬುಗುರಿ ಹೊರಗೆ ತೆಗೆದು, ವಿಭೂತಿ ಕುಂಕುಮ ಹಚ್ಚಿ, ಹೂ ಏರಿಸಿ, ಮತ್ತೆ ಸುತ್ತಿಡುತ್ತೇನೆ. ವರ್ಷ ವರ್ಷದ ವಿಭೂತಿ ಗುನ್ನಗಳಲ್ಲಿ ತುಂಬಿ ಗಟ್ಟಿಯಾಗಿತ್ತು.

ಈ ಸಲ ಆ ಬುಗುರಿಯನ್ನು ಮೊಮ್ಮಗಳ ಕೈಗೆ ಕೊಟ್ಟೆ. ಮೊಳೆ ತಿರುವಿ ತಿರುವಿ ನೋಡಿ ಅವಳ ಕಣ್ಣು ಅರಳಿದವು. ನನಗೆ ಇನ್ನೂ ಹುರುಪು ಬಂತು. "ಗುನ್ನ ನೋಡಿ ಯಾವ ಮೊಳಿ ಹೊಡದದ ಅಂತ ಹೇಳ್ತಿದ್ವಿ ನಾವು," ಎಂದು ಕೊಚ್ಚಿಕೊಂಡೆ. ಈಗಿನ ಮಕ್ಕಳು ಬಾಯಿಮಾತು ನಂಬುತ್ತಾರೆಯೇ? ಮೊಮ್ಮಗಳು ಸೊಸೆ ನಾದಿಟ್ಟ ಚಪಾತಿ ಹಿಟ್ಟಿನಿಂದ ಒಂದು ಉಂಡೆ ಕಿತ್ತು ತಂದು, ಅಪ್ಪನ ಮೊಳೆಗಳನ್ನು ಒಂದೊಂದಾಗಿ ಒತ್ತಿದಳು. ಚೂಪು ಮೊಳೆಯದು ಸೂಜಿಯ ತೂತು. ಛರ್ರಾದ್ದು ಪುಟ್ಟ ಬಟ್ಟಲು. ಚಪ್ಪಟೆಯದು ಬಿಲ್ಲೆಯ ಹಾಗೆ ಸಮತಟ್ಟು. ಆಮೇಲೆ ಒದ್ದೆ ಬಟ್ಟೆಯಿಂದ ಬುಗುರಿ ಒರೆಸಿ, ಗುನ್ನದೊಳಗಿನ ವಿಭೂತಿಯನ್ನು ಕಡ್ಡಿಯಿಂದ ಕೆರೆದಳು.

"ಆಯಿ, ಇವು ಯಾರು ಹೊಡದದ್ದು?"

"ನಿಮ್ಮ ಮುತ್ಯಾನೇ, ತನ್ನ ಚೂಪ ಲಾಳದ ಮೊಳಿಲೆ. ಮೆತ್ತಗೈ!"

"ಮುತ್ಯಾಂದು ಚೂಪ ಮೊಳಿ ಅಂದೆಲ್ಲ? ಇವು ಚಪ್ಪಟಿ ಅವ."

ಬುಗುರಿಯನ್ನು ಅವಳ ಕೈಯಿಂದ ಕಿತ್ತುಕೊಂಡು ಬೆಳಕಿಗೆ ಹಿಡಿದೆ. ಗುನ್ನಗಳ ತಳ ಸಮತಟ್ಟು, ಅಂಚು ದುಂಡಗೆ, ನುಣುಪು. ಬಳಸಿ ಬಳಸಿ ಮೊಂಡಾದ ಮೊಳೆ ಹೀಗೆ ಮಾಡುವುದಿಲ್ಲ, ಅದರ ತುದಿ ಸೊಟ್ಟಗಿರುತ್ತದೆ. ಇದು ಕೂತು ತಿಕ್ಕಿದ ಮೊಳೆ. ಸೈಕಲ್ ಅಂಗಡಿಯವನ ಮಗಳು, ಮೊಳೆ ಅಂಗಡಿಯವನ ಹೆಂಡತಿ, ಕಣ್ಣಿದ್ದೂ ಕುರುಡಿಯಾಗಿದ್ದೆ.

ನಮ್ಮ ಮನೆಯವರು ಬೋಗುಣಿಯೊಳಗಿನ ಪ್ಲಾಸ್ಟಿಕ್ ಬುಗುರಿಯನ್ನೇ ನೋಡುತ್ತಾ ಕೂತಿದ್ದರು.

"ಏನ್ರಿ," ಎಂದೆ. "ಅವತ್ತ ನೀರು ಕುಡಿಯಾಕ ಹೋಗಿದ್ದಿರಲ್ಲ, ಎಲ್ಲಿ ಹೋಗಿದ್ರಿ?"

"ಹಿತ್ತಲಕ," ಎಂದರು ತಲೆ ಎತ್ತದೆ. "ಅರಬಿ ಒಗಿಯೋ ಕಲ್ಲಿತ್ತಲ್ಲ."

"ಬೆಳಿಗ್ಗೆ ಒಬ್ಬನ ಬುಗರಿ ಒಡದವರು ನನ್ನದ್ಯಾಕ ಬಿಟ್ರಿ?"

"ನಿನ್ನ ಮುಖ ನೋಡಿ ಬಿಟ್ಟೆ. ಬಾಯಾಗ ಜೋರು ಇತ್ತು, ಬುಗರಿ ಮ್ಯಾಲಿಂದ ಕೈ ಜಲ್ದಿ ತಗೀಲಿಲ್ಲ ನೀ." ಬೋಗುಣಿಯ ಬುಗುರಿಯನ್ನು ಎತ್ತಿ ಬದಿಗಿಟ್ಟು ಮುಂದುವರಿಸಿದರು. "ಒಣ ಕಲ್ಲು, ಎಷ್ಟು ತಿಕ್ಕಿದ್ರೂ ಮೊಳಿ ಸವೀಲಿಲ್ಲ. ಹೊರಗ ಹುಡುಗರು ಒದರಾಕತ್ತಿದ್ರು. ತಿರುಗಿ ನೋಡಿದ್ರ ಹಿಂದ ಅತ್ತಿ ನಿಂತಿದ್ಲು. ಬೈತಾಳ ಅಂತ ಮಾಡಿದ್ದೆ. ತಂಬಿಗಿ ತಂದು ಕಲ್ಲಿನ ಮ್ಯಾಲ ನೀರು ಹಾಕಿದ್ಲು. ನಾ ತಿಕ್ಕಿ ಮುಗಿಸೋತನಾ ಹಾಕಿದ್ಲು."

ಅವರ ಅತ್ತಿ ಅಂದರೆ ನನ್ನ ಅವ್ವ. ನೋಡಲಾರದೆ ಒಳಗೆ ಹೋದಳು ಅಂದುಕೊಂಡಿದ್ದೆನಲ್ಲ, ಆ ಅವ್ವ. ಹುಣಸಗಿಯ ಹೊಲ, ಮನೆ ಬೇಡ ಅಂದವಳು, ನನ್ನ ಒಡಪಿಗೆ ನಗದೆ ಕೂತವಳು. ಸಾಯುವವರೆಗೂ ಒಂದು ಮಾತು ಹೇಳದೆ ಹೋದಳು. ನನಗೆ ದುಃಖ ಉಕ್ಕಿ ಬಂತು. ದುಃಖ ಬಂದರೆ ನನಗೆ ಮೊದಲು ಹೊರಡುವುದು ಸಿಟ್ಟೇ.

"ಇಷ್ಟ ವರ್ಷ ಮೆತ್ತಗೈ ಅನಿಸ್ಕೊಂಡು ಯಾಕ ಸುಮ್ಮ ಕುಂತ್ರಿ? ಆವಾಗ ಒಂದ ಮಾತು ಹೇಳಬೇಕಿಲ್ಲ?"

"ಹೇಳಿದ್ರ ನೀ ನಮ್ಮ ಜೋಡಿ ಆಡಾಕ ಬರ್ತಿದ್ದೇನು?" ಎಂದರು.

ಬರುತ್ತಿರಲಿಲ್ಲ. ಬಿಟ್ಟುಕೊಟ್ಟ ಅಂತ ಗೊತ್ತಾಗಿದ್ದರೆ ಆ ಓಣಿಗೆ ಮತ್ತೆ ಕಾಲಿಡುತ್ತಿರಲಿಲ್ಲ, ಅವನ ಮುಖ ನೋಡುತ್ತಿರಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು ಬುಗುರಿಯ ಚೂಪು ಮೊಳೆ ಬಿಚ್ಚಿ ಡಬ್ಬಿಗೆ ಹಾಕಿದೆ.

ದೊಡ್ಡವರ ಮಾತಿನಲ್ಲಿ ಮೊಮ್ಮಗಳಿಗೆ ಬೇಸರ ಬಂದಿತ್ತು. ತನ್ನ ಬುಗುರಿಯನ್ನು ಹಿಡಿಕೆಗೆ ಸಿಕ್ಕಿಸಿ, "ಬಾ, ಬಾ, ಮೆತ್ತಗೈ ಮುತ್ಯಾ, ನಿನ್ನ ಪಾಳಿ," ಎಂದು ಕುಣಿಯತೊಡಗಿದಳು.

"ಏ, ಹಂಗ ಅನಬ್ಯಾಡ," ಎಂದು ಗದರಿದೆ.

ಅವಳು ಬೆಚ್ಚಿ ನನ್ನ ಕಡೆ ತಿರುಗಿದಳು. "ನೀನೇ ಅಂತಿದ್ದೆಲ್ಲ ಆಯಿ?"

"ನಾ ಅಂದ್ರ ನಡೀತದ," ಎಂದೆ. "ಬ್ಯಾರೆ ಯಾರೂ ಅನಬಾರದು."